ನಾಲ್ಕನೆಯ ರೀಲು

ಆ ಸಿನೆಮಾದ ನಾಲ್ಕನೆಯ ರೀಲನ್ನು ಬಚ್ಚಿಟ್ಟವನು ನಾನು. ಅದು ಬಸ್ಸಿನಲ್ಲಿ ಬಿದ್ದುಹೋಗಿರಲಿಲ್ಲ, ಬೆಂಗಳೂರಿನಿಂದ ಬಾರದೆ ಉಳಿದಿರಲಿಲ್ಲ — ಕಾರವಾರದ ಚಿತ್ರಮಂದಿರದ ಹಿಂದಿನ ಕೋಣೆಯಲ್ಲಿ, ನಮ್ಮ ಚಿತ್ರಸಮಾಜದ ಕಬ್ಬಿಣದ ಕಪಾಟಿನಲ್ಲಿತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಬೊಬ್ರುವಾಡದ ಹೊನ್ನಮ್ಮ ಬದುಕಿರುವಾಗಲೇ ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಅವಳಿಗೆ ಯಾವ ಉಪಯೋಗವೂ ಇಲ್ಲದ ಹೊತ್ತಿನಲ್ಲಿ.

ನಾನು ಅಂಕೋಲೆಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರ. ಹುಟ್ಟಾ ಅನುಮಾನದ ಮನುಷ್ಯ. ಕಿವಿರೆತ್ತಿ ನೋಡದೆ ಬಂಗಡೆ ಮೀನು ಕೊಂಡವನಲ್ಲ, ಎರಡು ಸಲ ಎಳೆದು ನೋಡದೆ ಬಾಗಿಲ ಬೀಗ ನಂಬಿದವನಲ್ಲ. ಪರೀಕ್ಷೆಯಲ್ಲಿ ಹುಡುಗನೊಬ್ಬ ಚೆನ್ನಾಗಿ ಬರೆದರೆ ಮೊದಲು ಅವನ ಪಕ್ಕದವನ ಉತ್ತರಪತ್ರಿಕೆ ಹುಡುಕುತ್ತಿದ್ದೆ. ಇದನ್ನು ನಾನು ಜಾಣತನ ಎಂದೇ ತಿಳಿದಿದ್ದೆ. ಚಿತ್ರಸಮಾಜದವರೂ ಹಾಗೇ ತಿಳಿದು ಸಿನೆಮಾ ಪೆಟ್ಟಿಗೆಗಳ ಉಸ್ತುವಾರಿ ನನಗೆ ಕೊಟ್ಟಿದ್ದರು.

ಎರಡು ಸಾವಿರದ ಮೊದಲ ವರ್ಷಗಳು. ದಸರಾ ರಜೆಯಲ್ಲಿ ಒಂದು ವಾರ, ದಿನಾ ಬೆಳಿಗ್ಗೆ ಒಂಬತ್ತೂವರೆಗೆ, ಸಿನೆಮಾ ಥಿಯೇಟರಿಗೆ ಎಂದೂ ಬಾರದಂಥ ಸಿನೆಮಾಗಳನ್ನು ತೋರಿಸುವುದೆಂದು ನಿರ್ಧಾರವಾಯಿತು. ಹಾಡಿಲ್ಲದವು, ಹೊಡೆದಾಟವಿಲ್ಲದವು, ಮುಗಿಯಿತೋ ಇಲ್ಲವೋ ತಿಳಿಯದಂಥವು. ಪ್ರತಿ ಸಿನೆಮಾದ ನಂತರ ಅರ್ಧ ಗಂಟೆ ಸಂವಾದ. ಸಂವಾದದಲ್ಲಿ ನಮ್ಮದೊಂದು ಅಘೋಷಿತ ನಿಯಮವಿತ್ತು — ಅರ್ಥವಾಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅರ್ಥವಾಗದ್ದನ್ನು ಹೊಗಳಬೇಕು. ಈ ನಿಯಮವೇ ಮುಂದೆ ನನ್ನನ್ನು ಕಾಪಾಡಿತು — ಕಾಪಾಡಿತು ಎನ್ನಲೂ ನಾಚಿಕೆಯಾಗುತ್ತದೆ.

ಕೊನೆಯ ದಿನ, ಭಾನುವಾರ, ವಿನಯಾಳ ಸಿನೆಮಾ. ವಿನಯಾ ನಮ್ಮ ಅಂಕೋಲೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಅಜ್ಜಿಯ ಮನೆ ಸುಂಕಸಾಳ. ಚಿತ್ರೀಕರಣ ಅಲ್ಲಿಯೇ, ಹೆದ್ದಾರಿಯ ಬದಿಯ ಹಳೆಯ ಮನೆಯೊಂದರಲ್ಲಿ ನಡೆದಿತ್ತು. ನಟರಲ್ಲಿ ಹೆಚ್ಚಿನವರು ಊರವರೇ. ಅವರಲ್ಲಿ ಒಬ್ಬಳು ಬೊಬ್ರುವಾಡದ ಹೊನ್ನಮ್ಮ, ಗದ್ದೆ ಕೆಲಸ ಮಾಡಿಕೊಂಡಿದ್ದ ಅರವತ್ತು ದಾಟಿದ ಹೆಂಗಸು. ವಿನಯಾ ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದಳು, ಬರಲಾಗುವುದಿಲ್ಲ ಎಂದಿದ್ದಳು. "ಸರ್, ಇರೋದು ಒಂದೇ ಪ್ರಿಂಟು. ನಿಮ್ಮನ್ನ ನಂಬಿ ಕಳಸ್ತಿದ್ದೇನೆ. ಹೊನ್ನಮ್ಮನ್ನ ಮಾತ್ರ ನೀವೇ ಹೋಗಿ ಕರೀಬೇಕು" ಎಂದು ಫೋನಿನಲ್ಲಿ ಹೇಳಿದ್ದಳು.

ನಾನೇ ಹೋಗಿ ಕರೆದೆ. ಹೊನ್ನಮ್ಮ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದಳು. ಆಮಂತ್ರಣದ ಕಾರ್ಡನ್ನು ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು. ಮಗ ಬೀರಣ್ಣ ಜಗಲಿಯಲ್ಲಿ ಕೂತಿದ್ದ. ಅವನು ಅವಳ ಕೈಯಿಂದ ಕಾರ್ಡು ಕಸಿದು, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಚಲೋ ಆಯ್ತು ಮಾಸ್ತರೇ. ನಾಲ್ಕ್ ದಿವ್ಸ ಅವ್ವಿ ಎಲ್ಲೋಗಿತ್ತು ಅಂದೇಳಿ ಈಗ ಗೊತ್ತಾತದೆ" ಎಂದ.

ಕತೆ ಇಷ್ಟು. ಬೀರಣ್ಣನ ತಂಗಿ ಮಾದೇವಿ ಮನೆಯವರ ಮಾತು ಮೀರಿ ಮದುವೆಯಾಗಿ ಸುಂಕಸಾಳದಲ್ಲಿದ್ದಳು. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಬೀರಣ್ಣ ತಾಯಿಯಿಂದ ಮಾತು ತೆಗೆದುಕೊಂಡಿದ್ದ. ಈಗ ಅದೇ ಊರಿನಲ್ಲಿ ನಾಲ್ಕು ದಿನ ಇದ್ದು ಬಂದ ತಾಯಿ, ಸಿನೆಮಾ ಮಾಡಲು ಹೋಗಿದ್ದೆ ಎನ್ನುತ್ತಾಳೆ! ಅವನಿಗೆ ನಂಬಿಕೆಯಿಲ್ಲ. ಕೊಯ್ಲಿನ ಆಳುಗಳೆದುರೇ ಅವಳನ್ನು ಹಂಗಿಸುತ್ತಿದ್ದನಂತೆ. ಹೊನ್ನಮ್ಮ ನನ್ನ ಕಡೆ ತಿರುಗಿ, "ಬತ್ತೆ ಮಾಸ್ತರೇ. ಇವನ್ನೂ ಕರ್ಕಂಡೇ ಬತ್ತೆ. ಕಣ್ಣಾರೆ ನೋಡ್ಲಿ" ಎಂದಳು. ಆದ್ದರಿಂದ ಏನು ಪಣಕ್ಕಿತ್ತೆಂದು ನನಗೆ ತಿಳಿದಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ತಿಳಿದಿತ್ತು. ಚೆನ್ನಾಗಿಯೇ ತಿಳಿದಿತ್ತು.

ಪೆಟ್ಟಿಗೆ ಬಂದದ್ದು ಶುಕ್ರವಾರ. ಶನಿವಾರದ ಪ್ರದರ್ಶನ ಮುಗಿದ ಮೇಲೆ ನಾನು ಮತ್ತು ಆಪರೇಟರ್ ದತ್ತಾ ಡಬ್ಬಿಗಳನ್ನು ನೋಡಿದೆವು. ಏಳು ರೀಲು. ದತ್ತಾ ಚಹಾಕ್ಕೆ ಹೋದ. ಪೆಟ್ಟಿಗೆಯ ಮುಚ್ಚಳದ ಒಳಗೆ ವಿನಯಾ ಯಾವ ರೀಲಿನಲ್ಲಿ ಏನಿದೆ ಎಂದು ಬರೆದು ಅಂಟಿಸಿದ್ದ ಚೀಟಿಯಿತ್ತು. ನಾಲ್ಕನೆಯದರ ಮುಂದೆ — "ಸುಂಕಸಾಳದ ಮನೆ. ಮುದುಕಿ ಒಬ್ಬ ಮಾಸ್ತರನ ಕತೆ ಹೇಳುತ್ತಾಳೆ."

ಓದಿದ್ದೇ ಎದ್ದು ಕೋಣೆಯ ಬಾಗಿಲು ಹಾಕಿದೆ.

ಯಾಕೆಂದು ಹೇಳಿಬಿಡುತ್ತೇನೆ. ನನ್ನ ಅಪ್ಪನೂ ಮಾಸ್ತರ. ಸುಂಕಸಾಳದ ಆಸುಪಾಸಿನಲ್ಲೇ ಎಂಟು ವರ್ಷ ಇದ್ದವರು. ಶನಿವಾರ ಶನಿವಾರ ಮನೆಗೆ ಬರುತ್ತಿದ್ದವರು ಬರಬರುತ್ತ ತಿಂಗಳಿಗೊಮ್ಮೆ ಬರತೊಡಗಿದ್ದರು. ಅಲ್ಲೊಬ್ಬ ಹೆಂಗಸಿದ್ದಳು, ಅವಳಿಗೊಂದು ಮಗುವಿತ್ತು ಎಂಬುದು ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿದ್ದ ಕಾಗದಗಳಿಂದ ನನಗೆ ತಿಳಿಯಿತು. ಕಾಗದಗಳನ್ನು ಬಚ್ಚಲೊಲೆಗೆ ಹಾಕಿದೆ. ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ — ಕೇಳುವ ಎದೆ ನನಗಿರಲಿಲ್ಲ. ಆ ಅಮ್ಮ ಭಾನುವಾರ ಮೊದಲ ಸಾಲಿನಲ್ಲಿ ಕೂರುವವರಿದ್ದರು. ನಾನೇ ಕರೆದಿದ್ದೆ.

ಡಬ್ಬಿ ತೆರೆದು ರೀಲಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಉಗುರಿನಷ್ಟು ಚಿತ್ರಗಳು. ಜಗಲಿ. ಒಬ್ಬ ಮುದುಕಿ. ಅಂಗಳದಲ್ಲಿ ಕೊಡೆ ಹಿಡಿದ ಒಬ್ಬ ಗಂಡಸು. ನನ್ನ ಅಪ್ಪ ಕೊಡೆಯಿಲ್ಲದೆ ಹೊರಗೆ ಕಾಲಿಟ್ಟವರಲ್ಲ. ಈ ನಾಡಿನಲ್ಲಿ ಕೊಡೆ ಹಿಡಿಯದ ಗಂಡಸು ಯಾರು? — ಆದರೆ ಅನುಮಾನಕ್ಕೆ ಅಷ್ಟು ಸಾಕಾಗಿತ್ತು. ವಿನಯಾ ಅಜ್ಜಿಯಿಂದ ಎಲ್ಲ ಕೇಳಿದ್ದಾಳೆ, ತನಗೆ ಪಾಠ ಹೇಳಿದವನ ಮನೆಯ ಮರ್ಯಾದೆಯನ್ನು ಪರದೆಯ ಮೇಲೆ ಹರಡಿದ್ದಾಳೆ, ನಗುತ್ತ ನಗುತ್ತ ನನ್ನ ಕೈಯಿಂದಲೇ ತೋರಿಸಹೊರಟಿದ್ದಾಳೆ. ಅವಳು ಫೋನಿನಲ್ಲಿ ಆಡಿದ ಒಂದೊಂದು ಮಾತೂ ಈಗ ಬೇರೆಯೇ ಕೇಳಿಸತೊಡಗಿತು. ನಿಮ್ಮನ್ನ ನಂಬಿ — ಎಂದಳಲ್ಲ, ಯಾಕೆ ಹಾಗೆಂದಳು? ನಿಮಿಷದೊಳಗೆ ಡಬ್ಬಿ ಕಪಾಟಿನೊಳಗಿತ್ತು.

ಮರುದಿನ ದತ್ತಾನಿಗೆ, ನಾಲ್ಕನೆಯದು ಹಾಳಾಗಿದೆ, ಮೂರರ ನಂತರ ಐದು ಓಡಿಸು ಎಂದೆ.

"ನಿನ್ನೆ ನಾನೇ ನೋಡಿದ್ದೆ ಸರ್, ಚಲೋ ಇತ್ತಲ್ಲ" ಎಂದ. ನನ್ನನ್ನೇ ನೋಡಿ ಪ್ರೊಜೆಕ್ಟರಿನ ಕಡೆ ತಿರುಗಿದ. ಐದನೆಯ ಡಬ್ಬಿಯನ್ನು ಮೂರರ ಪಕ್ಕಕ್ಕೆ ಎಳೆದಿಟ್ಟ.

ಹೊನ್ನಮ್ಮ ಹಸಿರು ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಬೀರಣ್ಣನ ಜೊತೆ ಮೊದಲ ಬಸ್ಸಿಗೇ ಬಂದಿಳಿದಿದ್ದಳು. ಬಾಗಿಲಲ್ಲಿ ನನ್ನನ್ನು ತಡೆದು ಪಿಸುದನಿಯಲ್ಲಿ ಕೇಳಿದಳು:

"ಮಾಸ್ತರೇ, ಸುಂಕಸಾಳದ ಮನೇಲಿ ಗಂಜಿ ಬಡಸೂದು ನಂದು. ಅದು ಯಾವಾಗ ಬತ್ತದೆ? ನಾ ನೀರ್ ಕುಡ್ಯೂಕೆ ಎದ್ದೋಗ್ಬಾರ್ದಲ್ಲ."

ಆಗ ನನಗೆ ಹೊಳೆಯಿತು. ಕಿಟಕಿಯ ಬೆಳಕಿನಲ್ಲಿ ಕಂಡ ಮುದುಕಿ ಇವಳೇ. ಕಪಾಟು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಮೂರು ರೀಲು ಓಡಿ ಮುಗಿಯಲು ಮುಕ್ಕಾಲು ಗಂಟೆ ಇತ್ತು. ಆ ಮುಕ್ಕಾಲು ಗಂಟೆಯನ್ನು ನಾನು ಹಿಂದಿನ ಸಾಲಿನಲ್ಲಿ ಕೂತು, ಜೇಬಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಕಳೆದೆ. ಮೊದಲ ಸಾಲಿನಲ್ಲಿ ಅಮ್ಮನ ಬಿಳಿ ತಲೆ ಕಾಣುತ್ತಿತ್ತು. ಅವರಿಂದ ನಾಲ್ಕು ಸಾಲು ಹಿಂದೆ ಅಬ್ಬಲಿಗೆ ದಂಡೆ ಕಾಣುತ್ತಿತ್ತು. ನಾನು ಏಳಲಿಲ್ಲ.

ಓಡಿದ ಆರು ರೀಲುಗಳಲ್ಲಿ ಹೊನ್ನಮ್ಮ ಒಂದರಲ್ಲೂ ಇರಲಿಲ್ಲ. ದೀಪ ಹತ್ತಿದ ಮೇಲೂ ಅವಳು ಪರದೆಯನ್ನೇ ನೋಡುತ್ತಿದ್ದಳು.

ಸಂವಾದ ಶುರುವಾಯಿತು. ನಿವೃತ್ತ ಪ್ರಾಧ್ಯಾಪಕರೊಬ್ಬರು ಎದ್ದು, ನಡುವೆ ಕತೆ ಹಠಾತ್ತನೆ ಜಿಗಿಯುತ್ತದಲ್ಲ, ಆ ಜಿಗಿತವೇ ಈ ಚಿತ್ರದ ಜೀವಾಳ ಎಂದರು. ಬಿಣಗಾದಿಂದ ಬರುತ್ತಿದ್ದ ಕಾರ್ಖಾನೆಯ ಗೆಳೆಯರೊಬ್ಬರು ಅದನ್ನು ಬರೆದುಕೊಂಡರು. ನನ್ನ ಪಾಳಿ ಬಂತು. "ನಿರ್ದೇಶಕಿ ಹೇಳದೆ ಬಿಟ್ಟದ್ದನ್ನು ನಾವು ನಮ್ಮ ನಮ್ಮ ಮನಸ್ಸಿನಿಂದ ತುಂಬಿಕೊಳ್ಳಬೇಕು" ಎಂದೆ. ಚಪ್ಪಾಳೆ ಬಿತ್ತು. ಬದುಕಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಚಪ್ಪಾಳೆ ಅದು, ಇಂದಿಗೂ ನೆನೆದರೆ ಅಸಹ್ಯವಾಗುತ್ತದೆ.

ಮೆಟ್ಟಿಲ ಬಳಿ ಬೀರಣ್ಣ ಕಾದಿದ್ದ. ಹೊನ್ನಮ್ಮ ಅವನ ಹಿಂದೆ ನಿಂತಿದ್ದಳು.

"ಮಾಸ್ತರೇ, ನೀವ್ ಓದ್ದವ್ರು, ನಿಮ್ಮ ಮಾತ್ ನಂಬ್ತೆ. ಸಿನೆಮಾ ಇಷ್ಟೇಯಾ? ಇಲ್ಲಾ ಎಲ್ಲಾದ್ರೂ ತುಂಡಾಗದ್ಯಾ?"

"ಇಷ್ಟೇ ಬೀರಣ್ಣ. ಪೂರ್ತಿ ತೋರಿಸಿದ್ದೇವೆ."

"ಇಲ್ಲ ಮಗಾ, ನಾ ಬಡಸಿದ್ದೆ. ಆ ವಿನಯಮ್ಮ ಮೂರ್ ಸಲ ಬಡಸೂಕೆ ಹೇಳ್ತು..." ಎಂದಳು ಹೊನ್ನಮ್ಮ. ಮಗನಿಗಲ್ಲ — ನನ್ನ ಮುಖ ನೋಡಿಕೊಂಡು. ನಾನು ಯಾರನ್ನೋ ಬೀಳ್ಕೊಡುವವನಂತೆ ಆ ಕಡೆ ನಡೆದುಬಿಟ್ಟೆ. ಅವರಿಬ್ಬರೂ ಬಸ್‌ಸ್ಟ್ಯಾಂಡಿನತ್ತ ಹೋದರು, ಅವನು ಮುಂದೆ, ಅವಳು ತುಂಬ ಹಿಂದೆ.

ಸಂಜೆಗೆ ಮೊದಲು ರೀಲನ್ನು ಪೆಟ್ಟಿಗೆಗೆ ಸೇರಿಸಿ ವಾಪಸು ಕಳಿಸಿದೆ. ವಿನಯಾ ಫೋನು ಮಾಡಿ, "ಹೊನ್ನಮ್ಮ ನೋಡಿದ್ರಾ ಸರ್? ಏನಂದ್ರು?" ಎಂದು ಕೇಳಿದಳು. ಬಹಳ ಖುಷಿಪಟ್ಟರು ಎಂದೆ. ಅವಳು ಎರಡನೆಯ ಮಾತು ಕೇಳಲಿಲ್ಲ. ಎಲ್ಲರೂ ನನ್ನಂತೆ ಇರುವುದಿಲ್ಲ.

ವಾರದೊಳಗೆ ಸುದ್ದಿ ತಿಳಿಯಿತು. ಯಾರ ಮನೆಗೆ ಕದ್ದು ಹೋಗಿದ್ದೆಯೋ ಅಲ್ಲೇ ಹೋಗಿ ಇರು ಎಂದು ಬೀರಣ್ಣ ತಾಯಿಯನ್ನು ಹೊರಡಿಸಿದ್ದ. ಹೊನ್ನಮ್ಮ ಒಂದು ಗಂಟು ಹಿಡಿದುಕೊಂಡು ಸುಂಕಸಾಳಕ್ಕೆ ಹೋದಳು. ಮೂರು ವರ್ಷ ಅಲ್ಲೇ ಇದ್ದು, ಅಲ್ಲೇ ತೀರಿಕೊಂಡಳು. ಬೀರಣ್ಣ ದಹನಕ್ಕೆ ಹೋದನಂತೆ, ತಂಗಿಯ ಮನೆಯ ನೀರನ್ನೂ ಮುಟ್ಟದೆ ಬಂದನಂತೆ. ನಾನು? ಆ ಮೂರು ವರ್ಷ ಸುಂಕಸಾಳದ ಮೇಲೆ ಹೋಗುವ ಬಸ್ಸನ್ನೇ ಹತ್ತಲಿಲ್ಲ.

ಕಳೆದ ವರ್ಷ ಅಮ್ಮ ಹೋದರು. ಅದಾಗಿ ಕೆಲವು ತಿಂಗಳಿಗೆ ವಿನಯಾ ತನ್ನ ಸಿನೆಮಾದ ಡಿವಿಡಿ ಕಳಿಸಿದಳು. ಮಧ್ಯಾಹ್ನ ಒಬ್ಬನೇ ಕೂತು ಹಾಕಿದೆ. ನಾಲ್ಕನೆಯ ರೀಲಿನಲ್ಲಿದ್ದದ್ದು ಇಷ್ಟು: ಕೊಡೆ ಹಿಡಿದು ಮಳೆಗೆ ನಿಂತ ದಾರಿಹೋಕನಿಗೆ ಹೊನ್ನಮ್ಮ ಗಂಜಿ ಬಡಿಸುತ್ತಾಳೆ. ಹಿಂದೆ ಇಲ್ಲೊಬ್ಬ ಮಾಸ್ತರ ಹೀಗೇ ನಿಂತಿದ್ದ, ಇದ್ದಿಲ ಚೂರಿನಿಂದ ನೆಲದ ಮೇಲೆ ನನ್ನ ಹೆಸರು ಬರೆದು ತೋರಿಸಿದ, ಅದು ತಾನಾಗಿ ಅಳಿಯುವವರೆಗೆ ನಾನು ಆ ಜಾಗ ಸಾರಿಸಲಿಲ್ಲ ಎನ್ನುತ್ತಾಳೆ. ನನ್ನ ಅಪ್ಪ ಅದರಲ್ಲೆಲ್ಲೂ ಇಲ್ಲ. ಎಷ್ಟು ಚೆನ್ನಾಗಿ ಮಾಡಿದ್ದಾಳೆ ಹೊನ್ನಮ್ಮ! ಅವಳ ಹಿಂದೆ, ದೂರದಲ್ಲಿ, ಬೇಲಿಯಾಚೆ ಒಬ್ಬ ಹೆಂಗಸು ನಿಂತಿರುವುದು ಮಸುಕಾಗಿ ಕಾಣುತ್ತದೆ.

ಡಿವಿಡಿ ಹಿಡಿದುಕೊಂಡು ಸುಂಕಸಾಳಕ್ಕೆ ಹೋದೆ. ಮಾದೇವಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ನೆರೆಮನೆಯ ಟಿವಿಯಲ್ಲಿ ಆ ಭಾಗ ನೋಡಿ, ಬೇಲಿಯ ಬಳಿ ಬೆರಳಿಟ್ಟಳು.

"ಇದು ನಾನೇಯಾ. ನಾಲ್ಕೂ ದಿವ್ಸ ಹೋಗ್ ನಿಂತಿದ್ದೆ. ಅವ್ವಿ ಒಂದ್ಸಲ ತಿರ್ಗಿ ನೋಡ್ತು, ಅಷ್ಟೇಯಾ. ನಮ್ಮನೆಗೆ ಬರ್ಲಿಲ್ಲ, ಮಾತೂ ಆಡ್ಲಿಲ್ಲ. ಅಣ್ಣನ ಕೂಡೆ ಮಾತ್ ಕೊಟ್ಟಿತ್ತಲ್ಲ."

ಮೂರು ವರ್ಷದಲ್ಲಿ ಅವಳು ಇದನ್ನು ಅಣ್ಣನಿಗೆ ಹೇಳಿಕಳಿಸಿರಲಿಲ್ಲವೇ? ಕಳಿಸಿದ್ದಳು. ಮಾಸ್ತರೇ ಹೇಳಿದ ಮೇಲೆ ನಿನ್ನ ಮಾತು ಯಾಕೆ ನಂಬಲಿ ಎಂದು ಬೀರಣ್ಣ ಉತ್ತರಿಸಿದ್ದನಂತೆ.

ಅದೇ ದಿನ ಬೊಬ್ರುವಾಡದಲ್ಲಿ ಇಳಿದೆ. ಬೀರಣ್ಣ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ. ನಿಂತಲ್ಲೇ ಹೇಳಿದೆ — ರೀಲು ಬಚ್ಚಿಟ್ಟದ್ದು, ಸುಳ್ಳು ಹೇಳಿದ್ದು, ಬೇಲಿಯಾಚೆ ಮಾದೇವಿ ನಿಂತದ್ದು, ತಾಯಿ ಹೋಗದೆ ಇದ್ದದ್ದು. ಅಪ್ಪನ ವಿಷಯವನ್ನೂ ಮುಚ್ಚಲಿಲ್ಲ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಅವನು ಚೊಂಬನ್ನು ಕೆಳಗಿಟ್ಟು, ಅಂಗಳದ ಕಟ್ಟೆಯ ಮೇಲೆ ಕೂತ. ಕೇಳಿದ:

"ನಾ ಅವ್ವಿ ಕೂಡೆ ಮಾತು ಬಿಟ್ಟಿದ್ದೆ ಮಾಸ್ತರೇ, ಅದು ಸಾಯೂತನ್ಕ. ಈಗ ನಾ ಯಾರ ಕೂಡೆ ಹೋಗಿ ಹೇಳೂದು?"

ಕ್ಷಮಿಸು ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು, ಅದನ್ನು ಅವನ ಮುಂದೆ ಇಡಲು ನಾಚಿಕೆಯಾಯಿತು. ಕ್ಷಮಿಸಬೇಕಾದವನು ಅವನಲ್ಲ, ನಾನೂ ಅವನೂ ಇಬ್ಬರೂ ಕ್ಷಮೆ ಕೇಳಬೇಕಾದವಳು ಈಗಿಲ್ಲ. ಅವನ ಎದುರಿಗೆ, ನೆಲದ ಮೇಲೆ, ಅವನು ಏಳುವವರೆಗೂ ಕೂತಿದ್ದೆ.