ಬಣ್ಣ ಬಳಿದ ಚೈನು

ಫೋರ್ಕ್‌ಲಿಫ್ಟಿನಲ್ಲಿ ಭಾರ ಎತ್ತುವ ಚೈನಿಗೆ ಬಣ್ಣ ಬಳಿಯಬಾರದು. ಎಣ್ಣೆ ಹಾಕಬೇಕು, ಅಷ್ಟೆ. ಬಣ್ಣ ಸಂದಿಗೆ ಇಳಿದರೆ ಎಣ್ಣೆ ಒಳಗೆ ಹೋಗುವುದಿಲ್ಲ, ಬಿರುಕು ಇದ್ದರೂ ಕಾಣುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಣ್ಣದ ಮೇಲೇ ನೋಡಿ ಸಹಿ ಹಾಕಿದೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕುಶಾಲನಗರದ ಒಂದು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಊರ ಹೊರಗೆ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೋಗಿ ಅವರ ಫೋರ್ಕ್‌ಲಿಫ್ಟಿನ ಚೈನು ನೋಡಿ ಬರುವುದು ನನ್ನ ಪಾಲಿನ ಕೆಲಸ. ಹೊಸ ಚೈನಿನಲ್ಲಿ ಹದಿನಾರು ಕೊಂಡಿಗೆ ಮುನ್ನೂರ ಐದು ಮಿಲಿಮೀಟರು ಬರುತ್ತದೆ. ಎಳೆದು ಎಳೆದು ಅದು ಮುನ್ನೂರ ಹದಿನಾಲ್ಕಕ್ಕೆ ಬಂದರೆ ಬಿಸಾಕಬೇಕು. ಬಿರುಕು ಕಂಡರೆ ಅಳತೆ ಎಷ್ಟೇ ಇರಲಿ, ಅವತ್ತೇ ಬಿಸಾಕಬೇಕು. ಎರಡು ಕಡೆಯ ಚೈನನ್ನೂ ಒಟ್ಟಿಗೇ ಬದಲಾಯಿಸಬೇಕು.

ಆ ಗಾಡಿ ಓಡಿಸುತ್ತಿದ್ದವರು ಐವತ್ತು ದಾಟಿದವರು. ಅವರ ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಬಂದ ಮನೆ. ನಾನು ಅಣ್ಣ ಅನ್ನುತ್ತಿದ್ದೆ. ಆಯುಧ ಪೂಜೆಯ ಮಾರನೆಯ ದಿನ ಹೋದರೆ ಗಾಡಿ ಬೆಳ್ಳಿ ರಥದ ಹಾಗೆ ನಿಂತಿತ್ತು. ಕಂಬಕ್ಕೆ, ಫೋರ್ಕಿಗೆ, ಎರಡೂ ಚೈನಿಗೆ ಸಿಲ್ವರ್ ಪೇಂಟ್. ಅದರ ಮೇಲೆ ಅರಿಶಿನ, ಕುಂಕುಮ, ಚೆಂಡುಹೂವು. ಎರಡು ದಿನ ಕೂತು ಅಣ್ಣನೇ ಬಳಿದಿದ್ದರು.

ನಾನು ಡೀಸೆಲ್ಲಿನ ಡಬ್ಬಿ, ತಂತಿ ಬ್ರಷ್ಷು ತೆಗೆದೆ. ಅಣ್ಣ ಅಡ್ಡ ಬಂದು ನಿಂತರು.

"ಮದ್ಲಿಂಗನ್ ಮುಖನ ಡೀಸೆಲ್ಲಲ್ಲಿ ತೊಳಿತೀಯೇನೋ? ಮೂರ್ ದಿನ ಮುಟ್ಬೇಡ ಕಣಪ್ಪ."

"ಉಜ್ದೆ ಹೆಂಗಣ್ಣ ನೋಡ್ಲಿ?"

"ನನ್ ಗಾಡಿ ನಂಗ್ ಗೊತ್ತಿಲ್ವಾ? ಹೆಂಡ್ತಿ ಗೊರ್ಕೆಗಿಂತ ಇದ್ರ ಸದ್ದು ಚೆನ್ನಾಗ್ ಗೊತ್ತು."

ಕಾಫಿ ಬೀಜ ಆರಿಸುತ್ತಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಬ್ರಷ್ಷು ಚೀಲಕ್ಕೆ ಹಾಕಿ, ಬಣ್ಣದ ಮೇಲೇ ಟೇಪು ಹಿಡಿದೆ. ಮುನ್ನೂರ ಹತ್ತು ಬಂತು. ಸರಿಯಿದೆ ಅಂತ ಬರೆದು ಸಹಿ ಮಾಡಿದೆ. ಮೂರು ದಿನ ಬಿಟ್ಟು ಬಂದು ಉಜ್ಜಿ ನೋಡೋಣ ಅಂದುಕೊಂಡೆ. ಬರಲಿಲ್ಲ. ಬೇರೆ ಕಡೆ ಕೆಲಸ ಬಿತ್ತು.

ಐದನೆಯ ದಿನ ಒಂದು ಕಡೆಯ ಚೈನು ತುಂಡಾಯಿತು. ಮೇಲೆತ್ತಿದ ಕಾಫಿ ಮೂಟೆಯೊಂದು ವಾಲಿತ್ತಂತೆ. ಅದನ್ನು ಸರಿಮಾಡಲು ಅಣ್ಣ ಸೀಟಿನಿಂದ ಇಳಿದು ಲೋಡಿನ ಕೆಳಗೆ ಹೋಗಿದ್ದರು. ಫೋರ್ಕು ಒಂದು ಬದಿಗೆ ಕುಸಿದು ಮೂಟೆಗಳೆಲ್ಲ ಜಾರಿ, ಕೆಳಗಿನ ಹಲಗೆ ಸಮೇತ ಅವರ ಬಲಗಾಲಿನ ಮೇಲೆ ಬಿದ್ದವು. ಪಾದ ಉಳಿಯಲಿಲ್ಲ. ಮಡಿಕೇರಿ ಆಸ್ಪತ್ರೆಯಲ್ಲಿ ಕತ್ತರಿಸಿದರು.

ಮುರಿದ ಚೈನು ನೋಡಲು ನನ್ನನ್ನೇ ಕರೆದರು. ಕೊಂಡಿ ಮುರಿದ ಜಾಗದ ಅರ್ಧ ಭಾಗ ಹೊಳೆಯುತ್ತಿತ್ತು, ಇನ್ನರ್ಧ ಕಂದು ತುಕ್ಕು. ತುಕ್ಕು ಹಿಡಿದದ್ದು ಹಳೆಯ ಬಿರುಕು. ನಾನು ಟೇಪು ಹಿಡಿದ ದಿನವೂ ಅದು ಅಲ್ಲೇ ಇತ್ತು, ಬಣ್ಣದ ಕೆಳಗೆ.

ಕ್ಯೂರಿಂಗ್ ವರ್ಕ್ಸಿನ ಮ್ಯಾನೇಜರ್ ತಮ್ಮ ಕೋಣೆಯಲ್ಲಿ ಕೂರಿಸಿ ಒಂದು ಹಾಳೆ ಕೊಟ್ಟರು. ಲೋಡಿನ ಕೆಳಗೆ ಹೋದದ್ದು ಡ್ರೈವರನ ತಪ್ಪು, ಚೈನು ಸರಿಯಾಗಿತ್ತು, ಅಷ್ಟೇ ಬರಿ ಅಂದರು. ಇದರಿಂದ ನಿನಗೂ ತೊಂದರೆ ಇಲ್ಲ ಅಂದರು. ಹಾಗೆ ಬರೆದರೆ ಅಣ್ಣನಿಗೆ ಪರಿಹಾರವೂ ಇಲ್ಲ, ಕೂತು ಮಾಡುವ ಕೆಲಸವೂ ಇಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಬರೆದೆ. ಬರೆದು ಚಹಾ ಕುಡಿದೆ.

ಎರಡು ದಿನ ಬಿಟ್ಟು ಮಡಿಕೇರಿ ಬಸ್ಸು ಹತ್ತಿದೆ. ನಡುದಾರಿಯ ಸುಂಟಿಕೊಪ್ಪದಲ್ಲಿ ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸಿತು. ಇಳಿಯಲಿಲ್ಲ.

ಅಣ್ಣ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಹೆಂಡತಿ. ಪೂಜೆಯಲ್ಲಿ ತಾನೇ ಏನೋ ಲೋಪ ಮಾಡಿದೆ, ಅದಕ್ಕೇ ಹೀಗಾಯಿತು ಅಂತ ಅಣ್ಣ ಹೆಂಡತಿಗೆ ಹೇಳುತ್ತಿದ್ದರು. ನನ್ನನ್ನು ಕಂಡು ಕೇಳಿದರು.

"ನೀನ್ ನೋಡಿದ್ದೆ ಅಲ್ವ? ಚೈನ್ ಸರಿ ಇತ್ತಲ್ಲ?"

"ನೋಡಿಲ್ಲ ಅಣ್ಣ. ಬಣ್ಣ ಉಜ್ಲಿಲ್ಲ. ಒಳಗೆ ಬಿರುಕಿತ್ತು."

ಅವರು ಹೊದಿಕೆ ಎಳೆದುಕೊಂಡರು.

"ನಾನ್ ಬೇಡ ಅಂದೆ, ಸರಿ. ನೀನ್ಯಾಕ್ ನನ್ ಮಾತ್ ಕೇಳ್ದೆ?"

ನಾನು ವಾರ್ಡಿನಿಂದ ಹೊರಗೆ ಬಂದೆ.

ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಹಾಳೆ ತಗೊಂಡು ಬರೆದೆ. ಬಣ್ಣ ತೆಗೆಯದೆ ಚೈನು ನೋಡಿದೆ, ಹಳೆಯ ಬಿರುಕು ತಪ್ಪಿಹೋಯಿತು, ಮೊದಲು ಬರೆದುಕೊಟ್ಟ ಕಾಗದ ಸುಳ್ಳು ಅಂತ. ಎರಡು ಪ್ರತಿ. ಒಂದನ್ನು ಮ್ಯಾನೇಜರ್‌ಗೆ ಕೊಟ್ಟಾಗ, ಮೊದಲಿನದು ಮೇಲಕ್ಕೆ ಹೋಗಿ ಆಗಿದೆ ಅಂದರು. ಇದನ್ನೂ ಕಳಿಸಿ ಅಂದೆ. ಕಳಿಸಿದರೋ ಇಲ್ಲವೋ ಗೊತ್ತಿಲ್ಲ. ವರ್ಕ್‌ಶಾಪಿನಲ್ಲಿ ನನ್ನನ್ನು ಬಿಡಿಸಿದರು.

ಅದು ಆಮೇಲಿನ ಮಾತು. ಅವತ್ತು ಬಸ್ಸು ಹಿಡಿಯುವ ಮೊದಲು ವಾರ್ಡಿಗೆ ವಾಪಸ್ ಹೋಗಿ ಇನ್ನೊಂದು ಪ್ರತಿಯನ್ನು ಅಣ್ಣನ ಹೆಂಡತಿಗೆ ಕೊಟ್ಟೆ. ಯಾರಾದರೂ ವಕೀಲರಿಗೆ ತೋರಿಸಿ ಅಂದೆ. ಅವರು ಅದನ್ನು ತಿರುಗಿಸಿ ನೋಡಿ ನನ್ನ ಕೈಗೇ ವಾಪಸ್ ಕೊಟ್ಟರು. ಅವರಿಗೆ ಓದಲು ಬರುವುದಿಲ್ಲ. ವಾರ್ಡಿನಲ್ಲಿ ಹತ್ತು ಜನರ ಮುಂದೆ ನಿಂತು ನಾನೇ ಓದಿದೆ, ಮೇಲಿಂದ ಕೆಳಗಿನ ತನಕ.