ಕಪ್ಪು ಪರದೆಯ ಹಕ್ಕಿಗಳು

ಮೊನ್ನೆ ಇಂಡಿ ಪಟ್ಟಣದಲ್ಲಿರುವ ಗೆಳೆಯನೊಬ್ಬ ಸಂದೇಶ ಕಳಿಸಿದ್ದ: ಕಣ್ಣಿಗೆ ಹಬ್ಬವಾಗುವಂಥ ಪ್ರಕೃತಿಯ ಸಾಕ್ಷ್ಯಚಿತ್ರಗಳಿದ್ದರೆ ಹೇಳು, ಮಕ್ಕಳಿಗೆ ರಜೆ. ಹತ್ತಾರು ಹೆಸರು ಗೊತ್ತಿದ್ದವು. ‘ಕಣ್ಣಿಗೆ ಹಬ್ಬ’ ಎಂಬ ಮಾತಿಗೇ ಬೆರಳು ನಿಂತುಬಿಟ್ಟಿತು.

ಕಾರಣ ನಮ್ಮ ಅತ್ತೆ, ಅಪ್ಪನ ಅಕ್ಕ. ಬಸವನ ಬಾಗೇವಾಡಿಯಲ್ಲಿ ನಾನು ಕಾಲೇಜು ಓದಿದ್ದು ಅವಳ ಮನೆಯಲ್ಲಿದ್ದುಕೊಂಡು. ಆಗ ನಾನು ಚರ್ಚಾಪಟು. ಸಿಂದಗಿ, ಮುದ್ದೇಬಿಹಾಳ ಸುತ್ತಿ ಗೆದ್ದ ಫಲಕಗಳು ಟಿವಿಯ ಪಕ್ಕ ಸಾಲಾಗಿ ನಿಂತಿದ್ದವು. ಎದುರಾಳಿ ಸಿಗದ ದಿನ ಊಟದ ತಟ್ಟೆಯೊಡನೆಯೂ ವಾದಿಸುತ್ತಿದ್ದೆನೆಂದರೆ ನೀವು ನಂಬಬೇಕು.

ಸಂಜೆ ರೊಟ್ಟಿ ಬಡಿದು ಮುಗಿಸಿ ಅತ್ತೆ ಬಂದು ಕೂತರೆ ಮೊಬೈಲಿನಿಂದ ಟಿವಿಗೆ ಚಿತ್ರ ಹಾಕುತ್ತಿದ್ದೆ. ಹಿಮಕರಡಿ, ಹವಳದ ದಿಬ್ಬ, ಮರುಭೂಮಿಯಲ್ಲಿ ಅರಳುವ ಹೂ. ಹಾಕಿ ಸುಮ್ಮನಿರುತ್ತಿದ್ದೆನೇ? ಇದು ಒಂದೇ ಕರಡಿಯಲ್ಲ, ಮೂರನ್ನು ಕತ್ತರಿಸಿ ಜೋಡಿಸಿರಬಹುದು. ಹಿಮ ತುಳಿಯುವ ಸದ್ದು ಯಾವುದೋ ಸ್ಟುಡಿಯೋದ್ದು. ಕಣ್ಣಿಗೆ ಕಂಡದ್ದನ್ನೆಲ್ಲ ನಂಬಬಾರದು ಎಂದು ಭಾಷಣ. ಮೊದಮೊದಲು ಅತ್ತೆ ಬಿಡುತ್ತಿರಲಿಲ್ಲ. “ಮೂರಿದ್ರ ಮೂರೂ ಚಂದ ಅದಾವಲ್ಲೊ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಬರಬರುತ್ತ ಎಲ್ಲದಕ್ಕೂ ಒಂದೇ ಉತ್ತರವಾಯಿತು: “ಹೌದಪಾ, ನೀ ಅನ್ನೂದ ಖರೆ.” ಎದುರಾಳಿ ಒಪ್ಪಿದರೆ ಗೆದ್ದಂತೆ ಎಂಬುದು ಚರ್ಚಾಪಟುಗಳ ಧರ್ಮ, ನಾನು ಗೆಲ್ಲುತ್ತಲೇ ಹೋದೆ. ಅವಳು ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುವುದನ್ನು ಬಿಟ್ಟಳು. ಬೆರಳು ನೋಯುತ್ತವೆ ಎಂದಳು. ಲೋಕವನ್ನೆಲ್ಲ ಸಂಶಯಿಸುವ ನಾನು ಅದೊಂದನ್ನು ನಂಬಿದೆ.

ಒಂದು ಸಂಜೆ ಚಹಾ ತರಲು ಒಳಗೆ ಹೋಗಿ ಬಂದೆ. ಟಿವಿಗೆ ಏನಾಗಿತ್ತೋ, ಚಿತ್ರ ಹೋಗಿ ಪರದೆ ಕಪ್ಪಾಗಿತ್ತು. ರೆಕ್ಕೆ ಬಡಿಯುವ ಸದ್ದು ಮಾತ್ರ ಬರುತ್ತಿತ್ತು. ಅತ್ತೆ ಅದಕ್ಕೇ ಮುಖ ಮಾಡಿ ಕೂತಿದ್ದಳು.

“ಬಾರೊ, ಎಷ್ಟ ಹಕ್ಕಿ ಹಾರಾಕತ್ತಾವ ನೋಡು.”

ಆಗಲಾದರೂ ಸುಮ್ಮನಿರಬೇಕಿತ್ತು. ನಾನು ಪಾಟೀಸವಾಲಿಗಿಳಿದೆ.

“ಎಂಥಾ ಬಣ್ಣದ್ವು ಅದಾವ, ಅತ್ತಿ?”

“ಬೆಳ್ಳಗ.”

“ಟಿವ್ಯಾಗ ಚಿತ್ರನ ಇಲ್ಲ.”

ಅವಳು ಲೋಟಕ್ಕೆ ಕೈ ಚಾಚಿದಳು. ಕೈ ಪಕ್ಕಕ್ಕೆ ಹೋಯಿತು.

“ಆತು. ಇದನ್ನೂ ಗೆದ್ದಿ, ತಗೊ.”

ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಮೊದಲೇ ಕರೆತರಬೇಕಿತ್ತು ಎಂದರು ವಿಜಯಪುರದ ವೈದ್ಯರು. ಯಾಕೆ ಮುಚ್ಚಿಟ್ಟೆ ಎಂದು ಅಪ್ಪ ಗದರಿದರೆ, ಕಾಣುವುದಿಲ್ಲವೆಂದರೆ ಹುಡುಗ ಟಿವಿ ಬಂದ್ ಮಾಡಿ ತನ್ನ ಖೋಲಿಗೆ ಹೋಗಿಬಿಡುತ್ತಿದ್ದ ಎಂದಳಂತೆ. ಹೋಗುತ್ತಿದ್ದೆ.

ಈಗಲೂ ಬಾಗೇವಾಡಿಗೆ ಹೋದಾಗ ಚಿತ್ರ ಹಾಕುತ್ತೇನೆ. ಕಂಡದ್ದನ್ನು ಕಂಡ ಹಾಗೆ ಅವಳಿಗೆ ಹೇಳುತ್ತೇನೆ. ಹೇಳಬೇಕಾದರೆ ಮೊದಲು ನೋಡಬೇಕು. ಅಷ್ಟು ವರ್ಷ ನಾನು ಚಿತ್ರಗಳನ್ನು ಕತ್ತರಿಸಿ ಜೋಡಿಸಿದ ಹೊಲಿಗೆಯ ಗುರುತನ್ನಷ್ಟೇ ಹುಡುಕಿದ್ದೆನೇ ಹೊರತು ಒಂದು ಹಕ್ಕಿಯನ್ನೂ ನೋಡಿರಲಿಲ್ಲ. ಕಳೆದ ವಾರ ಪರದೆಯ ಮೇಲೆ ತಿಮಿಂಗಿಲವೊಂದು, ಮರಿ ಉಸಿರಾಡಲೆಂದು ಅದನ್ನು ನೀರಿನ ಮೇಲಕ್ಕೆ ಎತ್ತಿ ಹಿಡಿದಿತ್ತು. ಹೇಳುತ್ತ ಹೇಳುತ್ತ ಮಾತು ಮರೆತು ನೋಡುತ್ತ ಕೂತುಬಿಟ್ಟೆ.

ಅತ್ತೆ ಮೊಣಕೈಯಿಂದ ನನ್ನನ್ನು ತಿವಿದಳು.

“ಯಾಕ ನಿಂತಿ? ಹೇಳು,” ಎಂದಳು. “ಸುಳ್ಳಿದ್ರೂ ನಡೀತೈತಿ.”