ಕೆರಿಯಪ್ಪನ ಬೆನ್ನಿನಲ್ಲಿ ಇಲ್ಲದ ಹುಣ್ಣು

೨೦೨೨ರಲ್ಲಿ ನಾನು ಸಾಗರದ ಒಂದು ಸಣ್ಣ ಟ್ರಸ್ಟಿನಲ್ಲಿ ಸಂಯೋಜಕಿಯಾಗಿದ್ದೆ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾಗಿದ್ದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡವರ ಮನೆಗೇ ಹೋಗಿ ಆರೈಕೆ ಮಾಡುವುದು ಟ್ರಸ್ಟಿನ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸೇರಿ ನಮ್ಮ ಪಟ್ಟಿಯಲ್ಲಿ ನಲವತ್ತೊಂದು ಜನರಿದ್ದರು. ಅಡಿಕೆಯ ಕೊನೆ, ಅಂದರೆ ಗೊನೆ, ತೆಗೆಯುವಾಗ ಮರದಿಂದ ಬಿದ್ದವರೇ ಹೆಚ್ಚು. ಉಳಿದವರು ಮನೆಯ ಮಾಡು ಹೊದೆಸುವಾಗ ಬಿದ್ದವರು, ಬೈಕ್ ಅಪಘಾತವಾದವರು. ಇಷ್ಟು ಜನರಿಗೆ ನಮ್ಮಲ್ಲಿದ್ದದ್ದು ಒಬ್ಬಳೇ ನರ್ಸ್ ಮತ್ತು ಘಾಟಿಯಲ್ಲಿ ಆಗಾಗ ಕೈಕೊಡುವ ಒಂದು ಹಳೆಯ ವ್ಯಾನ್.

ಇಂಥ ರೋಗಿಗಳಿಗೆ ದೊಡ್ಡ ಶತ್ರು ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಬರುವ ಹುಣ್ಣು. ಅವರಿಗೆ ನೋವು ಗೊತ್ತಾಗುವುದಿಲ್ಲ. ಹುಣ್ಣು ಎಲುಬಿನವರೆಗೂ ಇಳಿದು, ನಂಜೇರಿ ಜೀವ ತೆಗೆಯುತ್ತದೆ. ಅದನ್ನು ತಡೆಯಲು ಒಂದೇ ದಾರಿ: ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ವರ್ಷಗಟ್ಟಲೆ, ತಪ್ಪದೆ.

ಆ ವರ್ಷ ಬೆಂಗಳೂರಿನ ಒಂದು ಕಂಪನಿಯ ಫೌಂಡೇಶನ್ ಸಿಎಸ್‌ಆರ್ ಅನುದಾನಕ್ಕೆ ಅರ್ಜಿ ಕರೆಯಿತು. ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂದು ಕಾನೂನಿದೆ, ಆ ಹಣ ಇದು. ಹೊಸ ವ್ಯಾನಿಗೂ ಇನ್ನೊಬ್ಬ ನರ್ಸಿನ ಎರಡು ವರ್ಷದ ಸಂಬಳಕ್ಕೂ ನಾವು ಅರ್ಜಿ ಹಾಕಿದೆವು. ಮೊದಲ ಸುತ್ತಿನಲ್ಲಿ ಅದು ವಾಪಸ್ ಬಂತು. ಫೌಂಡೇಶನ್ನಿನ ಅಧಿಕಾರಿ ಫೋನಿನಲ್ಲಿ ಸೌಜನ್ಯದಿಂದಲೇ ಹೇಳಿದಳು: "ಮೇಡಂ, ನಿಮ್ಮ ಕೆಲಸ ಚೆನ್ನಾಗಿದೆ. ಆದ್ರೆ ಇಂಪ್ಯಾಕ್ಟ್ ಕಾಣ್ತಿಲ್ಲ. ಒಬ್ಬರ ಕಥೆ ಬೇಕು. ನೀವು ಹೋಗೋ ಮೊದಲು ಹೇಗಿದ್ರು, ಆಮೇಲೆ ಹೇಗಾದ್ರು, ಫೋಟೊ ಸಮೇತ." ಸುಳ್ಳು ಬರೆಯಿರಿ ಎಂದು ಅವಳು ಹೇಳಲಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಬೇಕು.

ನಾನು ಆರಿಸಿಕೊಂಡದ್ದು ಹೊಸನಗರ ತಾಲ್ಲೂಕಿನ ಕೆರಿಯಪ್ಪನನ್ನು. ಅವನ ಹೆಸರನ್ನೂ ಅವನ ಹೆಂಡತಿಯ ಹೆಸರನ್ನೂ ಇಲ್ಲಿ ಬದಲಿಸಿದ್ದೇನೆ. ಕೊನೆ ತೆಗೆಯುವ ಕೆಲಸದವನು, ಮರದಿಂದ ಬಿದ್ದು ಆಗಲೇ ಆರು ವರ್ಷವಾಗಿತ್ತು. ನಾವು ಕೊಟ್ಟ ಗಾಲಿಕುರ್ಚಿಯಲ್ಲಿ ಕೂತು ಕಾಳುಮೆಣಸಿನ ಬಳ್ಳಿಯ ತುಂಡುಗಳನ್ನು ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ನೆಟ್ಟು, ಗಿಡ ಮಾಡಿ ಮಾರುತ್ತಿದ್ದ. ನಗುಮುಖದವನು. 'ಆಮೇಲೆ' ಎಂಬ ಫೋಟೊಕ್ಕೆ ಅವನಿಗಿಂತ ಒಳ್ಳೆಯವರು ಇರಲಿಲ್ಲ.

ಕಷ್ಟವಿದ್ದದ್ದು 'ಮೊದಲು' ಎಂಬಲ್ಲಿ. ನಾವು ಆ ಮನೆಗೆ ಮೊದಲು ಹೋಗುವ ಹೊತ್ತಿಗೆ ಅವನ ಹೆಂಡತಿ ಸುಶೀಲಾ ನಾಲ್ಕು ವರ್ಷ ಒಬ್ಬಳೇ ಅವನನ್ನು ನೋಡಿಕೊಂಡಿದ್ದಳು. ಏಳನೇ ಕ್ಲಾಸು ಓದಿದವಳು. ಆಸ್ಪತ್ರೆಯಲ್ಲಿ ಯಾರೋ ನರ್ಸ್ ಒಮ್ಮೆ ತೋರಿಸಿದ್ದನ್ನು ಮನಸ್ಸಿಟ್ಟು ಕಲಿತಿದ್ದಳು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಮಗ್ಗುಲು ಬದಲಿಸುತ್ತಿದ್ದಳು. ಬೂರುಗದ ಹತ್ತಿ ತುಂಬಿದ ಸಣ್ಣ ದಿಂಬುಗಳನ್ನು ತಾನೇ ಹೊಲಿದು ಹಿಮ್ಮಡಿಗೂ ಮೊಣಕಾಲಿಗೂ ಕೊಡುತ್ತಿದ್ದಳು. ಆ ದಿನ ಕೆರಿಯಪ್ಪನ ಬೆನ್ನು ನೋಡಿ ನಾನು ಬೆರಗಾಗಿದ್ದೆ. ಒಂದು ಕೆಂಪು ಕಲೆಯೂ ಇರಲಿಲ್ಲ. "ನಮ್ಮ ವಾರ್ಡಿನಲ್ಲೂ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ದಿಲ್ಲ ಮಾರಾಯ್ತಿ" ಅಂದಿದ್ದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ ಕಾಫಿಗೆ ಇಟ್ಟಿದ್ದಳು.

ಇದನ್ನೇ ಬರೆದಿದ್ದರೆ ಟ್ರಸ್ಟಿನ ಹೆಚ್ಚುಗಾರಿಕೆ ಏನೂ ಉಳಿಯುತ್ತಿರಲಿಲ್ಲ. ನಾನು ಬರೆದದ್ದು ಬೇರೆ. 'ನಮ್ಮ ತಂಡ ತಲುಪಿದಾಗ ಕೆರಿಯಪ್ಪನ ಬೆನ್ನು ಕೊಳೆತಿತ್ತು. ಹೆಂಡತಿಗೆ ಆರೈಕೆಯ ತಿಳುವಳಿಕೆ ಇರಲಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದೆ. ಜೊತೆಗೆ ಒಂದು ಹುಣ್ಣಿನ ಫೋಟೊ ಸೇರಿಸಿದೆ. ಅದು ತೀರ್ಥಹಳ್ಳಿ ಕಡೆಯ ಇನ್ನೊಬ್ಬ ರೋಗಿಯದು. ಆತ ಅದೇ ಹುಣ್ಣಿನಿಂದ ಹಿಂದಿನ ವರ್ಷ ತೀರಿಕೊಂಡಿದ್ದ. ಒಪ್ಪಿಗೆ ಪತ್ರಕ್ಕೆ ಕೆರಿಯಪ್ಪನಿಂದ ಸಹಿ ಹಾಕಿಸಿಕೊಂಡೆ. ಅದು ಇಂಗ್ಲಿಷಿನಲ್ಲಿತ್ತು. ಫೋಟೊ ಬಳಸುತ್ತೇವೆ ಎಂದಷ್ಟೇ ಹೇಳಿದೆ. ನಲವತ್ತೊಂದು ಜನರ ಸಲುವಾಗಿ ಎರಡು ವಾಕ್ಯ, ಬೆಂಗಳೂರಿನ ಯಾವುದೋ ಕಂಪ್ಯೂಟರಿನಲ್ಲಿ ಕೂರುತ್ತದೆ, ಇಲ್ಲಿ ಯಾರು ಓದುತ್ತಾರೆ ಎಂದುಕೊಂಡೆ.

ಅನುದಾನ ಮಂಜೂರಾಯಿತು. ವ್ಯಾನ್ ಹಸ್ತಾಂತರದ ಕಾರ್ಯಕ್ರಮ ಸಾಗರದ ಒಂದು ಸಭಾಭವನದಲ್ಲಿ ನಡೆಯಿತು. ಕೆರಿಯಪ್ಪ ದಂಪತಿಗಳೇ ವಿಶೇಷ ಅತಿಥಿಗಳು. ಫೌಂಡೇಶನ್ನಿನವರು ತಮ್ಮ ಕನ್ನಡ ಕಿರುಪುಸ್ತಕ ಹಂಚಿದರು, ವೇದಿಕೆಯ ಪಕ್ಕ ಆಳೆತ್ತರದ ಫ್ಲೆಕ್ಸ್ ನಿಲ್ಲಿಸಿದರು. ಎರಡರಲ್ಲೂ ಕೆರಿಯಪ್ಪನ ನಗುಮುಖ, ಪಕ್ಕದಲ್ಲಿ ಆ ಹುಣ್ಣು, ಕೆಳಗೆ ನನ್ನ ವಾಕ್ಯಗಳು ಕನ್ನಡದಲ್ಲಿ. ಸುಶೀಲಾ ಫ್ಲೆಕ್ಸಿನ ಮುಂದೆ ನಿಂತು ನಿಧಾನವಾಗಿ ಓದಿದಳು. ಆಮೇಲೆ ವೇದಿಕೆ ಹತ್ತಿ ಶಾಲು ಹೊದೆಸಿಕೊಂಡಳು, ಕೈ ಮುಗಿದಳು, ಇಳಿದಳು.

ಹೊರಡುವಾಗ ಕಾರಿನ ಹತ್ತಿರ ನನ್ನನ್ನು ಕೇಳಿದಳು: "ಸಿಸ್ಟರ್, ಅದು ಯಾರ ಬೆನ್ನು?"

ಆಗಲಾದರೂ ನಿಜ ಹೇಳಬಹುದಿತ್ತು. "ಬೆಂಗಳೂರಿನೋರು ಪ್ರಿಂಟ್ ಮಾಡುವಾಗ ಏನೋ ಅದಲುಬದಲು ಮಾಡಿದಾರೆ ಮಾರಾಯ್ತಿ, ನಾನು ಕೇಳ್ತೀನಿ" ಅಂದೆ. ಮೊದಲ ಸುಳ್ಳನ್ನು ಕಾಗದಕ್ಕೆ ಹೇಳಿದ್ದೆ. ಇದನ್ನು ಅವಳ ಮುಖ ನೋಡಿಯೇ ಹೇಳಿದೆ.

ಎರಡು ತಿಂಗಳ ನಂತರ ನಮ್ಮ ನರ್ಸ್ ಬಂದು, ಸುಶೀಲಾ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳೆಂದು ಹೇಳಿದಳು. ನಮ್ಮ ನರ್ಸ್ ಮನೆಯಲ್ಲೇ ಬದಲಿಸುತ್ತಿದ್ದ ಮೂತ್ರದ ನಳಿಕೆಗಾಗಿ ಈಗ ಗಂಡನನ್ನು ಆಟೊದಲ್ಲಿ ಹೊಸನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಳಂತೆ. ಯಾರೋ ಫ್ಲೆಕ್ಸಿನ ಚಿತ್ರವನ್ನು ವಾಟ್ಸಾಪಿಗೆ ಹಾಕಿದ್ದರು. ಕೆರಿಯಪ್ಪನ ಅಣ್ಣನ ಮನೆಯಲ್ಲಿ, ಮಹಿಳಾ ಸಂಘದ ಸಭೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅದೇ ಮಾತು: ಗಂಡನ ಬೆನ್ನು ಕೊಳೆಸಿದವಳು.

ಮರುದಿನವೇ ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬರೆದದ್ದು ನಾನೇ, ಫೋಟೊ ಇಟ್ಟದ್ದು ನಾನೇ, ಕಾರಿನ ಹತ್ತಿರ ಹೇಳಿದ್ದೂ ಸುಳ್ಳು. ಕೆರಿಯಪ್ಪ ಕೊಟ್ಟೆಗೆ ಮಣ್ಣು ತುಂಬುವುದನ್ನು ನಿಲ್ಲಿಸಿದ. ಅಂಗಿ ಎತ್ತಿ, ಗಾಲಿಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ ಬೆನ್ನು ತೋರಿಸಿದ. "ನೋಡಿ ಸಿಸ್ಟರ್. ಸರಿಯಾಗಿ ನೋಡ್ಕಳಿ" ಅಂದ. ನೋಡಿದೆ. ಮಗುವಿನ ಬೆನ್ನಿನ ಹಾಗಿತ್ತು.

ಸುಶೀಲಾ ಬೈಯಲಿಲ್ಲ. "ಅವತ್ತೇ ಹೇಳಿದ್ರೆ ನಾನು ಅಲ್ಲೇ ನಿಂತು ನಾಕು ಜನಕ್ಕೆ ಹೇಳ್ತಿದ್ದೆ. ಈಗ ಹೇಳಿದ್ರೆ ಯಾರು ನಂಬ್ತಾರೆ? ಪುಸ್ತಕದಲ್ಲಿ ಬಂದದೆ ಅಂತಾರೆ. ನಂಗೆ ಇದ್ದಿದ್ದು ಅದೊಂದೇ ಹೆಸರು, ಸಿಸ್ಟರ್."

ಫೌಂಡೇಶನ್ನಿಗೆ ತಪ್ಪೊಪ್ಪಿಗೆಯ ಪತ್ರ ಬರೆಯುತ್ತೇನೆಂದು ಮಾತು ಕೊಟ್ಟು ಬಂದೆ. ಟ್ರಸ್ಟಿನ ಕಾರ್ಯದರ್ಶಿ ಅರಳಸುರಳಿ ಕಡೆಯ ನಿವೃತ್ತ ಮೇಷ್ಟ್ರು, ಸಜ್ಜನರು. ನಾನು ಹೇಳಿದ್ದನ್ನೆಲ್ಲ ಕೇಳಿ, "ನೀವು ಮಾಡಿದ್ದು ತಪ್ಪೇ. ಆದ್ರೆ ಪತ್ರ ಹೋದ್ರೆ ಎರಡನೇ ವರ್ಷದ ಕಂತು ನಿಲ್ತದೆ. ಉಳಿದ ನಲವತ್ತು ಜನ ಎಂತ ತಪ್ಪು ಮಾಡಿದಾರೆ?" ಎಂದರು. ಪತ್ರ ಮೂರು ವಾರ ನನ್ನ ಚೀಲದಲ್ಲೇ ಇತ್ತು. ಆ ಮೂರು ವಾರಗಳಿಗೆ ನಾನು ಯಾವ ಸಮರ್ಥನೆಯನ್ನೂ ಕೊಡಲಾರೆ.

ಕೊನೆಗೆ ಕಳಿಸಿದೆ. ಮೇಷ್ಟ್ರು ಹೇಳಿದ್ದೇ ಆಯಿತು. ಫೌಂಡೇಶನ್ ತನ್ನ ವೆಬ್‌ಸೈಟಿನಿಂದ ಆ ಪುಟ ತೆಗೆದು, ಸುಶೀಲಾಳಿಗೆ ಕನ್ನಡದಲ್ಲೇ ಕ್ಷಮಾಪಣೆಯ ಪತ್ರ ಕಳಿಸಿತು. ಕಂತನ್ನು ನಿಲ್ಲಿಸಿತು. ವ್ಯಾನ್ ನಮ್ಮಲ್ಲೇ ಉಳಿಯಿತು, ಎರಡನೆಯ ನರ್ಸ್ ಕೆಲಸ ಬಿಟ್ಟು ಹೋದಳು. ವಾರಕ್ಕೊಮ್ಮೆ ಹೋಗುತ್ತಿದ್ದ ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ ಹೋಗುವಂತಾಯಿತು. ಆ ಮಳೆಗಾಲದಲ್ಲಿ ವರದಮೂಲದ ಹತ್ತಿರದ ಒಬ್ಬ ಹುಡುಗಿಗೆ ಸೊಂಟದಲ್ಲಿ ಹುಣ್ಣಾಗಿ ಎರಡು ತಿಂಗಳು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಬದುಕಿಕೊಂಡಳು. ವಾರವಾರ ಹೋಗಿದ್ದರೆ ಅದು ಮೊದಲೇ ಕಣ್ಣಿಗೆ ಬೀಳುತ್ತಿತ್ತು ಎಂಬುದು ನನಗೆ ಗೊತ್ತು. ನಿಜ ಹೇಳಿದ್ದರ ಬೆಲೆಯನ್ನೂ ನನ್ನ ಬದಲು ಬೇರೆಯವರೇ ತೆತ್ತರು.

ಸುಶೀಲಾ ಇರುವ ಮಹಿಳಾ ಸಂಘದ ಸಭೆಗೆ ಹೋಗಿ ಫೌಂಡೇಶನ್ನಿನ ಪತ್ರವನ್ನು ಎಲ್ಲರೆದುರು ಓದಿದೆ. ತಪ್ಪು ನನ್ನದು ಎಂದು ಹೇಳಿದೆ. ಹಿಂದೆ ಕೂತಿದ್ದ ಒಬ್ಬಾಕೆ, "ಹಂಗಾರೆ ಆ ಫೋಟೊದಲ್ಲಿ ಇದ್ದೋರ ಮನೆಯೋರಿಗೆ ಹೇಳಿದ್ರಾ?" ಎಂದಳು.

ಹೇಳಿರಲಿಲ್ಲ. ಅಲ್ಲೊಂದು ಮನೆಯಿದೆ ಎಂಬುದೇ ನನಗೆ ಹೊಳೆದಿರಲಿಲ್ಲ. ಮರುವಾರ ತೀರ್ಥಹಳ್ಳಿ ಕಡೆಗೆ ಹೋದೆ. ಸತ್ತವನ ತಾಯಿ ಪುಸ್ತಕವನ್ನು ನೋಡಿರಲಿಲ್ಲ. ನಾನು ಹೇಳಿದ ಮೇಲೆ ತೋರಿಸಲು ಕೇಳಿದರು. ಬೇಡಮ್ಮ ಎಂದೆ. "ನನ್ನ ಮಗಂದು, ತೋರ್ಸಿ" ಎಂದರು. ತೋರಿಸಿದೆ. ಬಹಳ ಹೊತ್ತು ಹಿಡಿದುಕೊಂಡಿದ್ದರು. ಆ ಮನೆಯಿಂದ ಹೇಗೆ ಹೊರಗೆ ಬಂದೆನೋ ಈಗ ನೆನಪಿಲ್ಲ.

ಸಂಯೋಜಕಿಯ ಹುದ್ದೆ ಬಿಟ್ಟೆ. ಈಗ ಟ್ರಸ್ಟಿನಲ್ಲಿ ಸಂಬಳವಿಲ್ಲದೆ ಡ್ರೆಸ್ಸಿಂಗ್ ಮಾಡಲು ಹೋಗುತ್ತೇನೆ. ಅರ್ಜಿ ಬರೆಯುವವರು ಬೇರೆ. ಆದರೆ ಒಂದು ನಿಯಮವನ್ನು ಹಟ ಹಿಡಿದು ಜಾರಿಗೆ ತಂದಿದ್ದೇನೆ: ಯಾರ ಬಗ್ಗೆ ಬರೆದಿದ್ದೇವೋ ಅವರ ಮನೆಗೆ ಹೋಗಿ, ಕನ್ನಡದಲ್ಲಿ, ಮನೆಯವರೆಲ್ಲ ಕೇಳುವಂತೆ ಓದಿದ ಮೇಲೆಯೇ ಅರ್ಜಿ ಕಳಿಸಬೇಕು. ಹಾಗೆ ಓದುವಾಗ ಕೆಲವು ವಾಕ್ಯಗಳು ಬಾಯಿಂದ ಹೊರಡುವುದೇ ಇಲ್ಲ. ನಮ್ಮ ಅರ್ಜಿಗಳು ಈಗ ಮೊದಲಿಗಿಂತ ಹೆಚ್ಚು ಸಲ ವಾಪಸ್ ಬರುತ್ತವೆ. ಬಡವರ ಸಂಕಟವನ್ನು ತೋರಿಸಿ ಸಹಾಯ ಕೇಳುವ ಕೆಲಸದಲ್ಲಿ, ಅವರು ತಾವೇ ಗಳಿಸಿಕೊಂಡದ್ದನ್ನು ಕಸಿದುಕೊಳ್ಳುವುದು ಎಷ್ಟು ಸುಲಭ ಎಂಬುದನ್ನು ನಾನು ಕಲಿತದ್ದು ತಡವಾಗಿ, ಬೇರೆಯವರ ಖರ್ಚಿನಲ್ಲಿ.

ಕಳೆದ ವರ್ಷ ಹೊಸ ಅರ್ಜಿಯಲ್ಲಿ ಸುಶೀಲಾಳ ಆರೈಕೆಯನ್ನು ಇದ್ದದ್ದು ಇದ್ದ ಹಾಗೆ ಬರೆದು, ಅವಳ ಮನೆಗೆ ಹೋಗಿ ಓದಿದೆವು. ಅವಳು ಕೊನೆಯವರೆಗೂ ಕೇಳಿದಳು.

"ಬರೆದಿದ್ದು ಸರಿ ಇದೆ" ಅಂದಳು. "ನನ್ನ ಹೆಸರು ಮಾತ್ರ ತೆಗೀರಿ, ಸಿಸ್ಟರ್."

ಅಲ್ಲೇ ಕೂತು, ಅವಳ ಎದುರೇ ಹೆಸರನ್ನು ಹೊಡೆದು ಹಾಕಿದೆ.